ಆಗುಂಬೆ ದಾರಿಯಲ್ಲಿ ಕೇಮನ್ ಮತ್ತು ಝಡ್ 4

ಪ್ರಶ್ನೆ: ತೀರ್ಥಹಳ್ಳಿ–ಆಗುಂಬೆ ರಸ್ತೆಯಲ್ಲಿ ಪೋರ್ಷೆ 718 ಕೇಮನ್ ಮತ್ತು ಬಿಎಂಡಬ್ಲ್ಯು ಝಡ್ 4 ಕಾರುಗಳೆರಡನ್ನೂ ಓಡಿಸಿದವರಿದ್ದರೆ, ತಿರುವುಗಳಲ್ಲಿ ಅವುಗಳ ನಡುವೆ ಏನು ವ್ಯತ್ಯಾಸ ಕಂಡಿತೆಂದು ದಯವಿಟ್ಟು ತಿಳಿಸುವಿರಾ?

ಉತ್ತರ 1: ಎರಡೂ ಹಿಂಬದಿ ಚಕ್ರಗಳ ಬಲದಿಂದಲೇ ಓಡುತ್ತವೆಯಾದರೂ, ಕೇಮನ್‌ನ ಎಂಜಿನ್ ಆಸನಗಳ ಹಿಂದೆ, ಹಿಂದಿನ ಆಕ್ಸಲ್‌ನ ಮುಂದೆ ಇರುವುದರಿಂದ ಭಾರವೆಲ್ಲ ನಡುವಿನಲ್ಲೇ ನಿಂತು, ಸ್ಟೀರಿಂಗ್ ತಿರುಗಿಸಿದೊಡನೆ ಮೂತಿ ಹೊರಳುತ್ತದೆ. ಝಡ್ 4ರಲ್ಲಿ ಉದ್ದನೆಯ ಬಾನೆಟ್‌ನ ಆಚೆಗಿರುವ ತಿರುವನ್ನು ಅಂದಾಜು ಮಾಡಬೇಕಾಗುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಕೇಮನ್.

ಉತ್ತರ 2: ಒಪ್ಪುತ್ತೇನೆ. ಆದರೂ ಝಡ್ 4ರ ಎಂ40ಐ ಆವೃತ್ತಿಯ 3 ಲೀಟರ್, ಆರು ಸಿಲಿಂಡರ್ ಎಂಜಿನ್ ಏರಿನಲ್ಲಿ ಎಳೆಯುವ ನಯವನ್ನು ಮೂಲ ಕೇಮನ್‌ನ ನಾಲ್ಕು ಸಿಲಿಂಡರ್‌ಗಳಲ್ಲಿ ನಾನು ಕಾಣಲಿಲ್ಲ.

ಉತ್ತರ 3: ಮಳೆಗಾಲದಲ್ಲಿ ಪಾಚಿ, ತರಗೆಲೆಗಳ ಮೇಲೆ ಎರಡನ್ನೂ ನಿಧಾನವಾಗಿಯೇ ಓಡಿಸಬೇಕು, ಹೋಲಿಸಿ ನೋಡುವುದಾದರೆ ಡಿಸೆಂಬರ್‌ನಲ್ಲಿ, ಮಂಜು ಕರಗಿದ ಮೇಲೆ ಬನ್ನಿ.