‘ಕ್ಯಾನ್ಸರ್ ಪೂರ್ವ’ ಪಾಲಿಪ್: ಈ ಪದ ಸರಿಯಾ?

ದೊಡ್ಡ ಕರುಳಿನ ಪಾಲಿಪ್ (ಕರುಳಿನ ಒಳಗೋಡೆಯ ಮೇಲೆ ಮೂಡುವ ಬೆಳವಣಿಗೆ) ಬಗ್ಗೆ ಸಾಮಾನ್ಯ ಓದುಗರಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಬಯಾಪ್ಸಿ ವರದಿಯಲ್ಲಿ ‘ಅಡಿನೋಮಾ’ (ಗ್ರಂಥಿಯ ಜೀವಕೋಶಗಳಿಂದ ಬೆಳೆಯುವ ಒಂದು ಬಗೆಯ ಪಾಲಿಪ್) ಅಂತ ಬಂದರೆ ಕನ್ನಡದಲ್ಲಿ ಅದನ್ನು ‘ಕ್ಯಾನ್ಸರ್ ಪೂರ್ವ’ ಗಡ್ಡೆ ಅಂತ ಬರೆಯುವುದುಂಟು. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ‘ಪ್ರಸವಪೂರ್ವ’ ಅಂದರೆ ಮುಂದೆ ಹೆರಿಗೆ ಇದೆ ಅಂತಲೇ ಅರ್ಥ. ‘ಮುಂಗಾರು ಪೂರ್ವ ಮಳೆ’ ಅಂದರೆ ಹಿಂದೆಯೇ ಮುಂಗಾರು ಬರುತ್ತದೆ. ಅದೇ ರೂಢಿಯಲ್ಲಿ ‘ಕ್ಯಾನ್ಸರ್ ಪೂರ್ವ’ ಅಂತ ಓದಿದವರಿಗೆ ಕ್ಯಾನ್ಸರ್ ಬಂದೇ ಬರುತ್ತದೆ ಅಂತ ಅನಿಸುತ್ತದೆ, ಅಲ್ವಾ? ಆದರೆ ಹೆಚ್ಚಿನ ಅಡಿನೋಮಾಗಳು ಕ್ಯಾನ್ಸರ್ ಆಗುವುದೇ ಇಲ್ಲ. ಆಗುವಂಥವಕ್ಕೂ ಸಾಮಾನ್ಯವಾಗಿ 10 ವರ್ಷ ಅಥವಾ ಇನ್ನೂ ಜಾಸ್ತಿ ಹಿಡಿಯುತ್ತದೆ. ಹಾಗಂತ ‘ಅಪಾಯವಿಲ್ಲದ್ದು’ ಅಂತಲೂ ಬರೆಯುವಂತಿಲ್ಲ, ಯಾಕೆಂದರೆ ಈ ಕರುಳಿನ ಕ್ಯಾನ್ಸರ್ ಬಹುಪಾಲು ಶುರುವಾಗುವುದೇ ಇಂಥ ಪಾಲಿಪ್‌ನಿಂದ, ಅದನ್ನು ಹೊತ್ತಿಗೆ ಸರಿಯಾಗಿ ತೆಗೆದುಬಿಟ್ಟರೆ ಕ್ಯಾನ್ಸರ್ ತಪ್ಪಿಸಬಹುದು.

ನಾವು ಮಾತಿನಲ್ಲಿ ‘ಕ್ಯಾನ್ಸರ್‌ಗೆ ತಿರುಗಿತು’ ಅನ್ನುತ್ತೇವಲ್ಲ, ಅಲ್ಲಿಂದಲೇ ‘ಕ್ಯಾನ್ಸರ್‌ಗೆ ತಿರುಗಬಹುದಾದ ಪಾಲಿಪ್’ ಅಂತ ಬರೆದರೆ ಹೇಗೆ? ಉದ್ದ ಆಯಿತು, ನಿಜ. ಆದರೆ ‘ಬಹುದು’ ಅನ್ನುವುದರಲ್ಲಿ ಇಡೀ ವಿಷಯ ಇದೆ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ, ತಿರುಗುವ ಸಾಧ್ಯತೆ ಕಡಿಮೆಯೋ ಜಾಸ್ತಿಯೋ ಅಂತ ಮುಂದೆ ಹೇಳುತ್ತಾ ಹೋಗಬಹುದು. ವೈದ್ಯರು ನೋಡುವುದೂ ಅದನ್ನೇ. 5 ಮಿ.ಮೀ. ಒಳಗಿನ ಪಾಲಿಪ್‌ನಲ್ಲಿ ಕ್ಯಾನ್ಸರ್ ಸಿಗುವುದು ತೀರಾ ಅಪರೂಪ. 10 ಮಿ.ಮೀ. ಮುಟ್ಟಿದರೆ, ಅಥವಾ ಸೂಕ್ಷ್ಮದರ್ಶಕದಲ್ಲಿ ಕೊಳವೆಯಂಥ ಗ್ರಂಥಿಗಳ (ಟ್ಯೂಬುಲರ್ ಅನ್ನುವುದು ಇದಕ್ಕೆ) ಬದಲು ಉದ್ದುದ್ದ ಬೆರಳಿನಂಥ ಚಾಚುಗಳು (ವಿಲ್ಲಸ್ ಅನ್ನುವುದು ಇದಕ್ಕೆ) ಕಂಡರೆ, ಅಥವಾ ‘ಹೈ ಗ್ರೇಡ್ ಡಿಸ್‌ಪ್ಲೇಸಿಯಾ’ (ಜೀವಕೋಶಗಳ ರೂಪ, ಜೋಡಣೆ ತುಂಬಾ ಬದಲಾಗಿರುವುದು; ಕಡಿಮೆ ಬದಲಾಗಿದ್ದರೆ ‘ಲೋ ಗ್ರೇಡ್’) ಇದ್ದರೆ ಅದನ್ನು ಮುಂದುವರಿದ ಅಡಿನೋಮಾ ಅಂತ ಬೇರೆ ಲೆಕ್ಕಕ್ಕೆ ಹಾಕುತ್ತಾರೆ.

ಡಿಸ್‌ಪ್ಲೇಸಿಯಾವನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ವಿವರಿಸುವುದು ವಾಸಿ ಅನಿಸುತ್ತದೆ. ‘ಟ್ಯೂಬುಲರ್ ಅಡಿನೋಮಾ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ, 6 ಮಿ.ಮೀ.’ ಅಂತ ವರದಿಯಲ್ಲಿ ಒಂದೇ ಸಾಲು ಇರುತ್ತದೆ. ಓದಿದವರು ಆ ‘ಡಿಸ್‌ಪ್ಲೇಸಿಯಾ’ ಅನ್ನುವ ಪದ ನೋಡಿ ಹೆದರುತ್ತಾರೆ. ಅಡಿನೋಮಾ ಅಂದ ಮೇಲೆ ಅಷ್ಟು ಡಿಸ್‌ಪ್ಲೇಸಿಯಾ ಇದ್ದೇ ಇರುತ್ತದೆ, ಅದು ಹೊಸ ಕೆಟ್ಟ ಸುದ್ದಿ ಅಲ್ಲ. ಹೈ ಗ್ರೇಡ್ ಆದರೂ ಜೀವಕೋಶಗಳು ಇನ್ನೂ ಒಳಪೊರೆಯಲ್ಲೇ ಇವೆ ಅಂತ ಅರ್ಥ, ಅದನ್ನು ದಾಟಿ ಕೆಳಗಿನ ಪದರಕ್ಕೆ ಇಳಿದಾಗಲೇ ಕರುಳಿನಲ್ಲಿ ಅದಕ್ಕೆ ಕ್ಯಾನ್ಸರ್ ಅನ್ನುವುದು.

‘ಪಾಲಿಪ್’ ಅಂತಲೇ ಇಟ್ಟುಕೊಂಡಿದ್ದೇನೆ. ಮೂಗಿನ ಪಾಲಿಪ್‌ಗೆ ಜನ ‘ದುರ್ಮಾಂಸ’ ಅನ್ನುತ್ತಾರೆ, ಆದರೆ ಆ ‘ದುರ್’ ಇಲ್ಲಿ ಸುಮ್ನೆ ಭಯ ಹುಟ್ಟಿಸುತ್ತದೆ. ‘ಮೊಳಕೆ’ ಅಂದರೆ ಮೂಲವ್ಯಾಧಿ ಅಂದುಕೊಳ್ಳುತ್ತಾರೆ. ಆಕಾರಕ್ಕೆ ‘ತೊಟ್ಟಿರುವ’ (ಹಣ್ಣಿಗಿರುವಂಥ ತೊಟ್ಟಿನಿಂದ ಗೋಡೆಗೆ ಸೇರಿದ) ಚೆನ್ನಾಗಿದೆ. ‘ತೊಟ್ಟಿಲ್ಲದ’ ಮಾತ್ರ ಓದುವಾಗ ತೊಟ್ಟಿಲು ಅನಿಸುತ್ತದೆ, ಹಾಗಾಗಿ ‘ಗೋಡೆಗೆ ಅಂಟಿದ’ ಅಂತ ಬರೆದಿದ್ದೇನೆ.

ನಿಜವಾಗಿ ತೊಡಕಾಗಿರುವುದು ‘ಸೆಸೈಲ್ ಸೆರೇಟೆಡ್ ಲೀಶನ್’. ‘ಸೆಸೈಲ್’ ಅಂದರೆ ಗೋಡೆಗೆ ಅಂಟಿದ, ‘ಲೀಶನ್’ ಅಂದರೆ ಅಂಗಾಂಶದಲ್ಲಿ ಅಸಹಜವಾಗಿರುವ ಜಾಗ. ಗ್ರಂಥಿಯ ಒಳ ಅಂಚು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ, ಅದಕ್ಕೆ ‘ಸೆರೇಟೆಡ್’ ಅನ್ನುವ ಹೆಸರು. ಇದೂ ಕ್ಯಾನ್ಸರ್‌ಗೆ ತಿರುಗಬಹುದು, ಆದರೆ ದಾರಿ ಬೇರೆ. ಹೆಚ್ಚಾಗಿ ಬಲಭಾಗದ ಕರುಳಿನಲ್ಲಿ ಚಪ್ಪಟೆಯಾಗಿ, ಮೇಲೊಂದು ಲೋಳೆಯ ಪದರ ಹೊದ್ದುಕೊಂಡಿರುವುದರಿಂದ ಕೊಲೊನೋಸ್ಕೋಪಿಯಲ್ಲೂ (ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳು ನೋಡುವ ಪರೀಕ್ಷೆ) ಕಣ್ತಪ್ಪಬಹುದು. ಮೊದಲು ಇದರ ಹೆಸರಲ್ಲೂ ‘ಅಡಿನೋಮಾ’ ಇತ್ತು, ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣದಲ್ಲಿ ‘ಲೀಶನ್’ ಆಯಿತು. ಇದರಲ್ಲಿ ಡಿಸ್‌ಪ್ಲೇಸಿಯಾ ಇರಲೇಬೇಕೆಂದಿಲ್ಲ. ‘ಲೀಶನ್’ಗೆ ‘ಗಾಯ’ ಅಂದರೆ ಪೂರ್ತಿ ತಪ್ಪಾಗುತ್ತದೆ, ‘ಗಡ್ಡೆ’ ಅಂದರೆ ಚಪ್ಪಟೆ ಅನ್ನುವುದೇ ಹೋಗುತ್ತದೆ. ಸದ್ಯಕ್ಕೆ ‘ಗರಗಸದಂಚಿನ ಚಪ್ಪಟೆ ಬೆಳವಣಿಗೆ’ ಅಂತ ಹಾಕಿದ್ದೇನೆ. ಇದಕ್ಕಿಂತ ಚಿಕ್ಕದಾದ, ರೋಗಿ ಒಮ್ಮೆ ಕೇಳಿದರೆ ನೆನಪಿಟ್ಟುಕೊಳ್ಳುವಂಥ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಹೇಳಿ.