ಫಿಟ್ಸ್‌ಗೆ ಮೂಗಿನ ಸ್ಪ್ರೇ: ಯಾವಾಗ, ಎಷ್ಟು?

ಪ್ರಶ್ನೆ: 12 ಕೆಜಿ ಮಗುವಿಗೆ ಡಾಕ್ಟರ್ ಮಿಡಾಜೋಲಮ್ ಸ್ಪ್ರೇ ಬರೆದಿದ್ದಾರೆ. ಫಿಟ್ಸ್ ಶುರುವಾದ ಕೂಡಲೇ ಹೊಡೆಯಬೇಕಾ? ಮಗುವಿನ ಕೈಗೆ ಬೀಗದ ಕೈ ಕೊಡಿ ಅಂತ ಅಜ್ಜಿ ಹೇಳ್ತಾರೆ.

ಉತ್ತರ 1: ಮೊದಲು ಗಡಿಯಾರ ನೋಡಿ. ಹೆಚ್ಚಿನ ಫಿಟ್ಸ್ ಎರಡು-ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತೆ. ಬೀಗದ ಕೈಯಿಂದ ಫಿಟ್ಸ್ ನಿಲ್ಲುತ್ತೆ ಅನ್ನೋ ನಂಬಿಕೆ ಬಂದಿದ್ದೂ ಅದರಿಂದಲೇ! ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ಬಟ್ಟೆ, ನೀರು ಯಾವುದೂ ಬೇಡ. 5 ನಿಮಿಷ ದಾಟಿದರೆ ಸ್ಪ್ರೇ. ಡಾಕ್ಟರ್ ಬೇರೆ ಸಮಯ ಬರೆದಿದ್ದರೆ ಅದೇ ಸರಿ.

ಉತ್ತರ 2: ಸಾಮಾನ್ಯ ಲೆಕ್ಕ ಕೆಜಿಗೆ 0.2 ಮಿಗ್ರಾಂ, ಅಂದರೆ ನಿಮ್ಮ ಮಗುವಿಗೆ 2.4 ಮಿಗ್ರಾಂ. ಒಂದು ಪಫ್‌ಗೆ 0.5 ಮಿಗ್ರಾಂ ಇರುವ ಬಾಟಲಿಯಲ್ಲಿ ಸುಮಾರು 5 ಪಫ್, ಎರಡೂ ಹೊಳ್ಳೆಗೆ ಹಂಚಿ. ಬ್ರ್ಯಾಂಡ್ ಬದಲಾದರೆ ಪಫ್‌ನ ಪ್ರಮಾಣವೂ ಬದಲಾಗಬಹುದು, ಚೀಟಿಗೆ ಲೇಬಲ್ ತಾಳೆ ನೋಡಿ. ಎಡವೋದು ಇಲ್ಲಿ: ಹೊಸ ಬಾಟಲಿಯ ಮೊದಲ ಒತ್ತಿಗೆ ಬರೀ ಗಾಳಿ ಬರುತ್ತೆ. ಮಂಜಿನಂತೆ ಚಿಮ್ಮುವವರೆಗೆ ಗಾಳಿಯಲ್ಲಿ ಒತ್ತಿ ನೋಡಿಟ್ಟಿರಿ. ಸಿಂಬಳ ಇದ್ದರೆ ಒರೆಸಿ, ಒರೆಸದಿದ್ದರೆ ಮೂಗು ಔಷಧಿಯನ್ನು ಸರಿಯಾಗಿ ಹೀರೋದಿಲ್ಲ.

ಉತ್ತರ 3: ಕೊಟ್ಟ ಮೇಲೆ ಎದೆ ಏರಿಳಿಯೋದನ್ನೇ ನೋಡ್ತಿರಿ. ಉಸಿರು ನಿಧಾನವಾದರೆ, ತುಟಿ ನೀಲಿಯಾದರೆ ಅಥವಾ ಇನ್ನೈದು ನಿಮಿಷಕ್ಕೂ ನಿಲ್ಲದಿದ್ದರೆ 108. ದಿನದ ಮಾತ್ರೆ ಮಾತ್ರ ತಪ್ಪಿಸಬೇಡಿ. ಸ್ಪ್ರೇ ಅದಕ್ಕೆ ಬದಲಿಯಲ್ಲ.