ತಾಯಿಯಿಲ್ಲದ ಬೆಕ್ಕಿನ ಮರಿಗಳಿಗೆ ಹಾಲು, ಆಮೇಲೆ ಅನ್ನವೋ ಮಾಂಸವೋ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಗೃಹಿಣಿ):
ನಮಸ್ಕಾರ ಡಾಕ್ಟರ್ ಮೇಡಂ. ನಮ್ಮ ಮನೆಯ ಅಟ್ಟದಲ್ಲಿ ಮರಿ ಹಾಕಿದ್ದ ಬೆಕ್ಕು ನಾಲ್ಕು ದಿನಗಳ ಹಿಂದೆ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತುಹೋಯಿತು. ಮೂರು ಮರಿಗಳಿವೆ, ಕಣ್ಣು ಬಿಟ್ಟು ಐದಾರು ದಿನಗಳಾಗಿರಬಹುದು. ಹಸುವಿನ ಹಾಲಿಗೆ ಅರ್ಧ ನೀರು ಬೆರೆಸಿ, ಇಂಕ್ ಫಿಲ್ಲರ್‌ನಲ್ಲಿ ಕುಡಿಸುತ್ತಿದ್ದೇವೆ. ನಿನ್ನೆಯಿಂದ ಮೂರಕ್ಕೂ ಭೇದಿಯಾಗುತ್ತಿದೆ, ಒಂದು ಮರಿಯಂತೂ ಅಳುವುದನ್ನೇ ನಿಲ್ಲಿಸಿದೆ. ಹಾಲನ್ನು ಇನ್ನಷ್ಟು ತೆಳ್ಳಗೆ ಮಾಡಬೇಕೇ?

ಉತ್ತರ (ಪಶುವೈದ್ಯೆ):
ಅಳು ನಿಲ್ಲಿಸಿದ ಮರಿಯನ್ನು ಇವತ್ತೇ ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಈ ವಯಸ್ಸಿನಲ್ಲಿ ನಿರ್ಜಲೀಕರಣ ಗಂಟೆಗಳ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಹೊರಡುವ ಮೊದಲು ಅದರ ಮೈ ಮುಟ್ಟಿ ನೋಡಿ. ತಣ್ಣಗಿದ್ದರೆ ಏನನ್ನೂ ಕುಡಿಸಬೇಡಿ, ಏಕೆಂದರೆ ದೇಹದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಮರಿಯ ಕರುಳು ಚಲಿಸುವುದಿಲ್ಲ, ಕುಡಿಸಿದ ಹಾಲು ಹೊಟ್ಟೆಯಲ್ಲೇ ಹುಳಿಯುತ್ತದೆ ಅಥವಾ ಶ್ವಾಸನಾಳಕ್ಕೆ ಇಳಿಯುತ್ತದೆ. ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು, ನಿಧಾನವಾಗಿ ಬೆಚ್ಚಗಾಗಿಸಿ. ನಿಮ್ಮ ಕಡೆಯ ಮಳೆಗಾಲದ ಥಂಡಿಯಲ್ಲಿ ಮರಿಗಳು ಸಾಯುವುದು ಹಸಿವಿಗಿಂತ ಚಳಿಗೇ ಹೆಚ್ಚು ಎಂಬುದು ನನ್ನ ಅನುಭವ.

ಹಾಲನ್ನು ತೆಳ್ಳಗೆ ಮಾಡುವುದು ಪರಿಹಾರವಲ್ಲ. ಬೆಕ್ಕಿನ ಹಾಲಿನಲ್ಲಿರುವ ಪ್ರೋಟೀನ್ ಹಸುವಿನ ಹಾಲಿನಲ್ಲಿರುವುದರ ಎರಡು ಪಟ್ಟಿಗೂ ಹೆಚ್ಚು. ಹಸುವಿನ ಹಾಲಿನ ಲ್ಯಾಕ್ಟೋಸ್ ಈ ಮರಿಗಳಿಗೆ ಅರಗದೆ ಭೇದಿಯಾಗುತ್ತದೆ. ನೀರು ಬೆರೆಸಿದರೆ ಇದ್ದ ಅಲ್ಪಸ್ವಲ್ಪ ಪೋಷಣೆಯೂ ಹೋಗುತ್ತದೆ. ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಶಿವಮೊಗ್ಗದಂಥ ಊರಿನ ಸಾಕುಪ್ರಾಣಿ ಅಂಗಡಿಗಳಲ್ಲಿ ಅಥವಾ ಆನ್‌ಲೈನ್‌ನಲ್ಲಿ ಸಿಗುತ್ತದೆ. ಡಬ್ಬಿಯ ಮೇಲೆ ಬರೆದಿರುವ ಪ್ರಮಾಣದಲ್ಲೇ ಕಲಸಿ. ಮರಿಗಳ ತೂಕ ತಿಳಿಸಿದರೆ ಅಳತೆ ಹೇಳುತ್ತೇನೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ಪ್ರಶ್ನೆ (ಅವರೇ):
ಆಸ್ಪತ್ರೆಯಲ್ಲಿ ಚರ್ಮದಡಿಗೆ ದ್ರವ ಕೊಟ್ಟರು, ಚೇತರಿಸಿಕೊಂಡಿದೆ. ಪುಡಿಯೂ ಸಿಕ್ಕಿತು. ತೂಕ 205, 190 ಮತ್ತು 150 ಗ್ರಾಂ.

ಉತ್ತರ:
ಹಾಗಾದರೆ ವಯಸ್ಸು ಸುಮಾರು ಎರಡು ವಾರ. 150 ಗ್ರಾಂ ಇರುವುದು ಹಿಂದುಳಿದಿದೆ. ದಿನಕ್ಕೆ ಪ್ರತಿ 100 ಗ್ರಾಂ ತೂಕಕ್ಕೆ ಸರಿಸುಮಾರು 20 ಮಿಲಿಲೀಟರ್ ಹಾಲು ಬೇಕಾಗುತ್ತದೆ, ಆದರೆ ಒಮ್ಮೆಗೆ 100 ಗ್ರಾಂಗೆ 4 ಮಿಲಿಲೀಟರ್‌ಗಿಂತ ಹೆಚ್ಚು ಕೊಡಬಾರದು. ಎಂದರೆ ದೊಡ್ಡ ಎರಡಕ್ಕೆ ಒಮ್ಮೆಗೆ 7ರಿಂದ 8, ಚಿಕ್ಕದಕ್ಕೆ 5ರಿಂದ 6 ಮಿಲಿಲೀಟರಿನಂತೆ, ರಾತ್ರಿಯೂ ಸೇರಿ ನಾಲ್ಕು ಗಂಟೆಗೊಮ್ಮೆ. ಫಿಲ್ಲರ್ ಬಿಟ್ಟು ಮೊಲೆತೊಟ್ಟಿರುವ ಚಿಕ್ಕ ಬಾಟಲಿ ಬಳಸಿ, ಇಲ್ಲವೇ ಸೂಜಿ ತೆಗೆದ ಸಿರಿಂಜ್‌ನಿಂದ ತೊಟ್ಟು ತೊಟ್ಟಾಗಿ ಕೊಡಿ. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಲೇಬೇಡಿ. ತಾಯಿಯ ಬಳಿ ಕುಡಿಯುವಾಗ ಹೇಗೋ ಹಾಗೆ ಹೊಟ್ಟೆ ಕೆಳಗಾಗಿರಲಿ. ಹಾಲು ಮುಂಗೈಗೆ ಬೆಚ್ಚಗೆನಿಸಿದರೆ ಸಾಕು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡಿದ ಕಥೆ ನಿಮಗೂ ಗೊತ್ತಿರುತ್ತದೆ, ಬಾಯಿ ಸುಟ್ಟುಕೊಂಡ ಮರಿಯೂ ಹಾಗೇ.

ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸಿ. ಮೂರು ವಾರ ತುಂಬುವವರೆಗೆ ತಾಯಿ ನೆಕ್ಕದೆ ಅವು ತಾವಾಗಿ ಮೂತ್ರ ಮಾಡುವುದಿಲ್ಲ. ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. 10ರಿಂದ 15 ಗ್ರಾಂ ಏರಬೇಕು; ಏರದಿದ್ದರೆ ಮರಿ ಎಷ್ಟೇ ಲವಲವಿಕೆಯಿಂದಿದ್ದರೂ ನಂಬಬೇಡಿ.

ಪ್ರಶ್ನೆ (ಮೈಸೂರಿನ ನಿವೃತ್ತ ಶಿಕ್ಷಕರು):
ಮೇಡಂ, ನಮ್ಮಲ್ಲಿ ತಾಯಿ ಬೆಕ್ಕೂ ಇದೆ, ಐದು ವಾರದ ಎರಡು ಮರಿಗಳೂ ಇವೆ. ನಮ್ಮದು ಸಸ್ಯಾಹಾರಿ ಮನೆ. ಮೊಸರನ್ನ, ಹಾಲಿನಲ್ಲಿ ನೆನೆಸಿದ ಚಪಾತಿ ಕೊಟ್ಟರೆ ಹಾಲು ಬಿಡಿಸಬಹುದಲ್ಲವೇ? ನಮ್ಮ ತಾಯಿಯವರ ಕಾಲದ ಬೆಕ್ಕುಗಳು ಅದನ್ನೇ ತಿಂದು ಬೆಳೆದವು.

ಉತ್ತರ:
ಸರ್, ಆ ಬೆಕ್ಕುಗಳು ಮೊಸರನ್ನ ತಿಂದದ್ದು ನಿಜ, ಆದರೆ ಮಿಕ್ಕ ಊಟವನ್ನು ಇಲಿ, ಹಲ್ಲಿಗಳಿಂದ ಹೊರಗೆ ಮುಗಿಸಿಕೊಂಡು ಬರುತ್ತಿದ್ದವು. ಹೃದಯಕ್ಕೂ ಕಣ್ಣಿಗೂ ಬೇಕಾದ ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಅನ್ನದಲ್ಲಿ ಅದು ಇಲ್ಲ. ಮನೆಯಲ್ಲಿ ಮಾಂಸ ಬೇಯಿಸಲಾಗದವರು ಮರಿಗಳ ಒಣ ಆಹಾರದ ಪೊಟ್ಟಣ ತಂದು ಹಿತ್ತಿಲಿನ ಬೇರೆ ತಟ್ಟೆಯಲ್ಲಿ ಹಾಕುತ್ತಾರೆ. ನನ್ನ ಬಳಿ ಬರುವ ಎಷ್ಟೋ ಕುಟುಂಬಗಳ ಒಪ್ಪಂದ ಇದೇ. ಅದನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿಯ ಹದಕ್ಕೆ ಮಸೆದು, ಆರಿದ ಮೇಲೆ ಅಗಲವಾದ ತಟ್ಟೆಯಲ್ಲಿ ದಿನಕ್ಕೆ ನಾಲ್ಕು ಸಲ ಇಡಿ. ಮೂಗನ್ನು ತಟ್ಟೆಗೆ ಒತ್ತಬೇಡಿ, ಬೆರಳಿಗೆ ಸ್ವಲ್ಪ ಹಚ್ಚಿ ತುಟಿಗೆ ಸವರಿದರೆ ತಾವೇ ಕಲಿಯುತ್ತವೆ. ನೀರನ್ನು ಕ್ರಮೇಣ ಕಡಿಮೆ ಮಾಡುತ್ತಾ ಎಂಟನೆಯ ವಾರದ ಹೊತ್ತಿಗೆ ಗಟ್ಟಿ ಆಹಾರಕ್ಕೆ ತನ್ನಿ, ಅಲ್ಲಿಯವರೆಗೂ ತಾಯಿಯಿಂದ ದೂರ ಮಾಡಬೇಡಿ. ತಾಯಿಗೂ ಅದೇ ಆಹಾರ ಕೊಡಿ, ಹಾಲೂಡುವ ಬೆಕ್ಕಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಬೇಕು.

ಮಾಂಸ ತಿನ್ನುವ ಮನೆಯವರಿಗೂ ಒಂದು ಮಾತು: ಬರೀ ಕೋಳಿ ಮಾಂಸ ತಿಂದು ಬೆಳೆದ ಮರಿಗಳಿಗೆ ಕ್ಯಾಲ್ಸಿಯಂ ಸಾಲದೆ, ಸೋಫಾದಿಂದ ಹಾರಿದರೂ ಮೂಳೆ ಮುರಿಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ತುಂಡು ವಿಷವೇ ಸರಿ. ಜಂತುಹುಳು ತಾಯಿಯ ಹಾಲಿನಿಂದಲೇ ಬರುವುದರಿಂದ, ಮೂರನೆಯ ವಾರದಿಂದ ಎರಡು ವಾರಕ್ಕೊಮ್ಮೆ ತೂಕಕ್ಕೆ ತಕ್ಕ ಔಷಧಿಯನ್ನು ವೈದ್ಯರಿಂದ ಕೇಳಿ ಹಾಕಿಸಿ.

ಪ್ರಶ್ನೆ (ತೀರ್ಥಹಳ್ಳಿಯವರು, ಎಂಟು ದಿನಗಳ ನಂತರ):
ಭೇದಿ ನಿಂತಿದೆ ಮೇಡಂ. ಈಗ 310, 285, 228 ಗ್ರಾಂ. ದೊಡ್ಡದು ಬಾಟಲಿಯ ತೊಟ್ಟನ್ನು ಕಚ್ಚಿ ಹರಿದುಹಾಕಿತು. ಗಂಜಿ ಶುರುಮಾಡಲೇ?

ಉತ್ತರ:
ಮುಂಭಾಗದ ಹಲ್ಲುಗಳು ಮೂಡುತ್ತಿವೆ. ಹರಿದ ತೊಟ್ಟಿನ ಚೂರು ನುಂಗಿಲ್ಲವೆಂದು ಖಚಿತಪಡಿಸಿಕೊಂಡು, ಹೊಸದನ್ನು ಹಾಕಿ. ದೊಡ್ಡ ಎರಡಕ್ಕೆ ಇನ್ನೊಂದು ವಾರ ಬಿಟ್ಟು, ಈಗ ಕುಡಿಯುತ್ತಿರುವ ಹಾಲಿನಲ್ಲೇ ಆಹಾರ ಕಲಸಿ ತಟ್ಟೆಯಲ್ಲಿಡಿ. ಬಾಟಲಿಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಚಿಕ್ಕದನ್ನು 300 ಗ್ರಾಂ ದಾಟುವವರೆಗೆ ಬರೀ ಹಾಲಿನಲ್ಲೇ ಇರಿಸಿ. ಅಣ್ಣಂದಿರ ತಟ್ಟೆಗೆ ಅದೇ ಬಂದು ಬಾಯಿ ಹಾಕಿದರೆ ಮಾತ್ರ ತಡೆಯಬೇಡಿ.